ಚಾರ್‌ಮಿನಾರ್ ರೂಪಾಯಿ, ಬಸವಣ್ಣನ ನಾಣ್ಯ ಮತ್ತು ಬೀದರ

ಕೇಂದ್ರ ಸರ್ಕಾರವು 2006ರಲ್ಲಿ ಮಹಾತ್ಮ ಬಸವೇಶ್ವರರ ಸ್ಮರಣಾರ್ಥವಾಗಿ 100 ರೂಪಾಯಿ ಹಾಗೂ 5 ರೂಪಾಯಿ ಮುಖಬೆಲೆಯ ನಾಣ್ಯಗಳನ್ನು ಹೊರತಂದಿತು. ಮೊದಲನೆಯದು ಸಂಗ್ರಾಹಕರಿಗೆಂದು ಟಂಕಸಾಲೆಯಿಂದ ಮಾರಾಟವಾದದ್ದು. ಎರಡನೆಯದು ಚಲಾವಣೆಗೆ ಇಳಿದು, ಸಂತೆಯ ಚಿಲ್ಲರೆಯಲ್ಲಿ ಬೆರೆತು, ಜನರ ಕೈಯಿಂದ ಕೈಗೆ ಸಾಗಿದ್ದು. ಕರಣಿಕನಾಗಿ ವೃತ್ತಿಗೆ ತೊಡಗಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದ ವ್ಯಕ್ತಿಯೊಬ್ಬರ ಮುಖವು ಎಂಟು ಶತಮಾನಗಳ ತರುವಾಯ ನಾಣ್ಯದ ಮೇಲೆ ಮೂಡಿದ್ದರಲ್ಲಿ ಒಂದು ಬಗೆಯ ಔಚಿತ್ಯವಿದೆ. ಆ ಭಂಡಾರವಿದ್ದ ಕಲ್ಯಾಣವು ಇಂದಿನ ಬಸವಕಲ್ಯಾಣ. ಬೀದರ ಜಿಲ್ಲೆಯ ತಾಲ್ಲೂಕು ಕೇಂದ್ರ. ಆದರೂ ಈ ನಾಣ್ಯ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಲ್ಲಿ ಉಳಿದಿದೆ ಎಂದು ವಿಚಾರಿಸಿದರೆ ನಿರಾಶೆಯೇ ಕಾದಿದೆ. ಬೀದರ, ಭಾಲ್ಕಿ, ಔರಾದಗಳಲ್ಲಿ ನನಗೆ ಪರಿಚಯವಿರುವ ಶಿಕ್ಷಕರು, ವಕೀಲರು, ವ್ಯಾಪಾರಿಗಳ ಪೈಕಿ ಬಹುಮಂದಿಗೆ ಇಂಥದೊಂದು ನಾಣ್ಯ ಬಂದದ್ದೇ ತಿಳಿಯದು. ಕೈಯಲ್ಲಿ ಹಾದುಹೋದದ್ದನ್ನು ಅವರು ಎಣಿಸಿದ್ದಾರೆ, ನೋಡಿಲ್ಲ.

ನಾಣ್ಯ ಸಂಗ್ರಹವೆಂದರೆ ನಿವೃತ್ತರ ಕಾಲಹರಣ ಎಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ನಾನು ನಿವೃತ್ತನೇ ಆಗಿರುವುದರಿಂದ ಆ ಮಾತನ್ನು ಅಲ್ಲಗಳೆಯುವ ನೈತಿಕ ಬಲ ನನಗಿಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೂ, ಕಂದಾಯ ಆಡಳಿತದಲ್ಲಿ ದಶಕಗಳನ್ನು ಕಳೆದವನಿಗೂ ನಾಣ್ಯವು ಕೇವಲ ಲೋಹದ ಬಿಲ್ಲೆಯಾಗಿ ಕಾಣುವುದು ಕಷ್ಟ. ಯಾವ ಕಟ್ಟಡ, ಯಾವ ಮುಖ, ಯಾವ ಲಿಪಿ ನಾಣ್ಯದ ಮೇಲೆ ಬರಬೇಕು ಎಂಬುದು ಪ್ರಭುತ್ವವು ತನ್ನನ್ನು ತಾನು ಹೇಗೆ ಕಂಡುಕೊಳ್ಳುತ್ತದೆ ಎಂಬುದರ ಘೋಷಣೆ. ಈ ಘೋಷಣೆಯಲ್ಲಿ ಬೀದರದಂಥ ಗಡಿ ಜಿಲ್ಲೆಗೆ ಎಷ್ಟು ಸ್ಥಾನ ದೊರೆತಿದೆ ಎಂಬುದೇ ನನ್ನ ಕುತೂಹಲ.

ಈ ಕುತೂಹಲ ಹುಟ್ಟಿದ್ದು ಬಸವಣ್ಣನ ನಾಣ್ಯದಿಂದಲ್ಲ, ಅದಕ್ಕಿಂತ ಒಂದು ಶತಮಾನ ಹಿಂದಿನ ಇನ್ನೊಂದು ನಾಣ್ಯದಿಂದ. ಬೀದರದ ಯಾವುದೇ ಹಳೆಯ ಸರಾಫ್ ಅಂಗಡಿಯಲ್ಲಿ ಕೇಳಿ ನೋಡಿ. ‘ಚಾರ್‌ಮಿನಾರ್ ರೂಪಾಯಿ’ ಎಂದರೆ ಸಾಕು, ಪೆಟ್ಟಿಗೆಯ ತಳದಿಂದ ಒಂದೆರಡು ಹೊರಬರುತ್ತವೆ. ಹೈದರಾಬಾದಿನ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, ಹಿಜರಿ 1321ರಲ್ಲಿ, ಅಂದರೆ 1903ರ ಸುಮಾರಿಗೆ, ಯಂತ್ರದಿಂದ ಟಂಕಿಸಿದ ಈ ಬೆಳ್ಳಿಯ ನಾಣ್ಯದ ಮುಮ್ಮುಖದಲ್ಲಿ ದೊರೆಯ ಮುಖವಿಲ್ಲ. 1591ರಲ್ಲಿ ಕಟ್ಟಿದ ಚಾರ್‌ಮಿನಾರ್ ಇದೆ. ಸುತ್ತ ನಿಜಾಮರ ಬಿರುದು, ಮೇಲೆ 92 ಎಂಬ ಅಂಕಿ. ಅರಬ್ಬಿ ಅಕ್ಷರಗಳಿಗೆ ಸಂಖ್ಯಾಬೆಲೆ ಕಟ್ಟುವ ಪದ್ಧತಿಯಲ್ಲಿ ‘ಮುಹಮ್ಮದ್’ ಎಂಬ ಹೆಸರಿನ ಮೊತ್ತ ಅದು. ಅದೇ ವೇಳೆಗೆ ಬ್ರಿಟಿಷ್ ಭಾರತದ ರೂಪಾಯಿಯಲ್ಲಿ ಏಳನೆಯ ಎಡ್ವರ್ಡನ ತಲೆಯಿತ್ತು. ದೊರೆಯ ತಲೆಯ ಸ್ಥಳದಲ್ಲಿ ಒಂದು ನಗರದ ಹೆಗ್ಗುರುತನ್ನು ಕೂರಿಸಿದ ಈ ನಾಣ್ಯವನ್ನು ನಮ್ಮ ಭಾಗದ ಪಾಲಿಗೆ ಪ್ರಾದೇಶಿಕ ಸ್ಮಾರಕದ ನಾಣ್ಯಗಳಲ್ಲಿ ಮೊದಲನೆಯದೆಂದು ನಾನು ಎಣಿಸುತ್ತೇನೆ.

ಭೂತಗನ್ನಡಿಯಿಂದ ನೋಡಿದರೆ ಚಾರ್‌ಮಿನಾರಿನ ಕಮಾನಿನೊಳಗೆ ಒಂದು ಪುಟ್ಟ ಅಕ್ಷರ ಕಾಣಿಸುತ್ತದೆ. ಅದು ‘ಮೀಮ್’ ಆಗಿದ್ದರೆ ಮಹಬೂಬ್ ಅಲಿ ಖಾನರ ನಾಣ್ಯ. ‘ಐನ್’ ಆಗಿದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ದೊರೆ ಬದಲಾದಾಗ ಇಡೀ ನಾಣ್ಯ ಬದಲಾಗಲಿಲ್ಲ. ಬಾಗಿಲೊಳಗಿನ ಅಕ್ಷರವೊಂದು ಬದಲಾಯಿತು. ಸಂಗ್ರಾಹಕನಿಗೆ ಇಂಥ ಸೂಕ್ಷ್ಮಗಳೇ ಆಹಾರ.

ಈ ರೂಪಾಯಿಯನ್ನು ಜನ ‘ಹಾಲಿ ಸಿಕ್ಕಾ’ ಎನ್ನುತ್ತಿದ್ದರು. ಬ್ರಿಟಿಷ್ ರೂಪಾಯಿಯನ್ನು ‘ಕಲ್ದಾರ್’ ಎನ್ನುತ್ತಿದ್ದರು. ನನ್ನ ಅಜ್ಜಿ ಬದುಕಿನ ಕೊನೆಯವರೆಗೂ ಬೆಲೆ ಹೇಳುವಾಗ ‘ಹಾಲಿಯೋ ಕಲ್ದಾರೋ’ ಎಂದು ಕೇಳುವ ಅಭ್ಯಾಸವನ್ನು ಬಿಡಲಿಲ್ಲ. ಆ ಪ್ರಶ್ನೆ ವೃಥಾ ಆಗಿರಲಿಲ್ಲ. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿಯ ಪ್ರಮಾಣ ಶೇ 81.8. ಕಲ್ದಾರದ ತೂಕ 11.66 ಗ್ರಾಂ, ಬೆಳ್ಳಿ ಶೇ 91.7. ಗುಣಿಸಿ ನೋಡಿದರೆ ಹಾಲಿಯಲ್ಲಿ ಸುಮಾರು 9.14 ಗ್ರಾಂ ಶುದ್ಧ ಬೆಳ್ಳಿ, ಕಲ್ದಾರದಲ್ಲಿ ಸುಮಾರು 10.69 ಗ್ರಾಂ. ಅಂದರೆ ನೂರು ಕಲ್ದಾರಗಳ ಬೆಳ್ಳಿಗೆ ಸರಿಸಮವಾಗಲು ಸುಮಾರು 117 ಹಾಲಿ ರೂಪಾಯಿಗಳು ಬೇಕು. ಚಲಾವಣೆಯಲ್ಲಿದ್ದ ವಿನಿಮಯ ದರವೂ ಏಳಕ್ಕೆ ಆರು. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ. ತರಗತಿಯಲ್ಲಿ ಲೋಹಮಾನ ಪದ್ಧತಿಯ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದುಕೊಂಡಿದ್ದ ನನಗೆ ಅದು ಮನದಟ್ಟಾದದ್ದು ಅಕ್ಕಸಾಲಿಗನ ತಕ್ಕಡಿಯಲ್ಲಿ ಎರಡು ನಾಣ್ಯಗಳನ್ನು ಇಟ್ಟಾಗ. ಸೋಲಾಪುರದ ಕಡೆಯಿಂದ ಬರುವ ಬಟ್ಟೆಗೆ ಕಲ್ದಾರ್ ಎಣಿಸಬೇಕು, ನಿಜಾಮರ ಖಜಾನೆಗೆ ಹಾಲಿ ಕಟ್ಟಬೇಕು. ನಡುವೆ ವಟ್ಟ ಹಿಡಿಯುವ ಸಾಹುಕಾರ. ಗಡಿಯ ಬದುಕೆಂದರೆ ಇದೇ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1950ರಲ್ಲಿ ಭಾರತೀಯ ರೂಪಾಯಿ ಅದೇ ಏಳಕ್ಕೆ ಆರರ ದರದಲ್ಲಿ ಹಾಲಿಯ ಜೊತೆಜೊತೆಗೆ ಚಲಾವಣೆಗೆ ಬಂತು. ಕೆಲವೇ ವರ್ಷಗಳಲ್ಲಿ ಹಾಲಿ ಹಿಂದೆ ಸರಿದು, 1959ರಲ್ಲಿ ಅದರ ಮಾನ್ಯತೆ ಪೂರ್ತಿಯಾಗಿ ರದ್ದಾಯಿತು. ನಡುವೆ 1956ರ ನವೆಂಬರ್ 1ರಂದು ತ್ರಿಭಾಷಾ ಬೀದರ ಜಿಲ್ಲೆಯೇ ಮೂರು ಹೋಳಾಯಿತು. ಉದಗೀರ, ನಿಲಂಗಾಗಳು ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡಗಳು ತೆಲುಗು ಸೀಮೆಗೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡಕ್ಕೆ ಉಳಿದವು. ರಾಜ್ಯ ಹೋಗಿ, ಗಡಿ ಬದಲಾಗಿ, ಹಣವೂ ಬದಲಾದ ಮೇಲೆ ಆ ಬೆಳ್ಳಿಯ ರೂಪಾಯಿಗಳು ಬಹುಪಾಲು ಮೂಸೆಗೆ ಬಿದ್ದು ಕಾಲ್ಗಡಗ, ಉಡಿದಾರಗಳಾದವು. ಉಳಿದವು ಎರಡೇ ಕಡೆ ಸುರಕ್ಷಿತವಾಗಿ ಉಳಿದವು ಎಂಬುದು ನನ್ನ ಅನುಭವ. ಒಂದು, ದೀಪಾವಳಿಯ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ. ನಿಜಾಮರ ಬಿರುದು, ಪಾರಸಿ ಅಕ್ಷರ, ಪ್ರವಾದಿಯ ಹೆಸರಿನ ಅಂಕಿ ಎಲ್ಲವೂ ಇರುವ ರೂಪಾಯಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಮನೆಗಳನ್ನು ಭಾಲ್ಕಿಯಲ್ಲಿ ನಾನು ಕಂಡಿದ್ದೇನೆ. ಅದರಲ್ಲಿ ಅವರಿಗೆ ಯಾವ ವಿರೋಧಾಭಾಸವೂ ಕಂಡಿರಲಿಲ್ಲ. ಇನ್ನೊಂದು, ಔರಾದ ತಾಲ್ಲೂಕಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಉಡುಪಿನಲ್ಲಿ. ಕನ್ನಡಿ, ಕವಡೆಗಳ ಸಾಲಿನಲ್ಲಿ ಹೊಲಿದ ನಾಣ್ಯಗಳ ನಡುವೆ ಚಾರ್‌ಮಿನಾರ್ ಮಿನುಗುವುದನ್ನು ಕಂಡು, ಇದೂ ಒಂದು ವಸ್ತುಸಂಗ್ರಹಾಲಯವೇ ಎಂದುಕೊಂಡಿದ್ದೆ.

ಔರಾದದಲ್ಲಿ ತಹಶೀಲ್ದಾರನಾಗಿದ್ದ ದಿನಗಳ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಹಳ್ಳಿಯೊಂದರಲ್ಲಿ ಮನೆಯ ಬುನಾದಿ ತೋಡುವಾಗ ತಾಮ್ರದ ನಾಣ್ಯಗಳ ಮಡಕೆ ಸಿಕ್ಕಿತೆಂಬ ಸುದ್ದಿ ಬಂತು. ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು 1962ರ ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆಯ ವಿಧಿ. ನಾವು ಹೋಗಿ ಪಂಚನಾಮೆ ಬರೆಯುವ ಹೊತ್ತಿಗೆ ಮಡಕೆಯಲ್ಲಿ ಅರ್ಧವೂ ಉಳಿದಿರಲಿಲ್ಲ. ಮಿಕ್ಕದ್ದು ತೂಕದ ಲೆಕ್ಕದಲ್ಲಿ ಪಾತ್ರೆಯಂಗಡಿಗೆ ಹೋಗಿತ್ತು. ‘ಚಿನ್ನ ಅಲ್ರಿ ಸಾಹೇಬ್ರ, ಬರೀ ತಾಂಬ್ರ ಅದ. ಅದಕ್ಕೇನು ಕಿಮ್ಮತ್ತು?’ ಎಂದು ಆ ಮನೆಯ ಹಿರಿಯರು ಪ್ರಾಮಾಣಿಕವಾಗಿಯೇ ಕೇಳಿದರು. ಉಳಿದವುಗಳಲ್ಲಿ ಒಂದೆರಡರ ಮೇಲೆ ‘ಮುಹಮ್ಮದಾಬಾದ್’ ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಬಹಮನಿ ಸುಲ್ತಾನ ಅಹಮದ್ ಶಾಹ್ ಗುಲ್ಬರ್ಗದಿಂದ ರಾಜಧಾನಿಯನ್ನು ಬೀದರಕ್ಕೆ ತಂದ ಮೇಲೆ ಈ ಊರಿಗೆ ಟಂಕಸಾಲೆಯ ದಾಖಲೆಯಲ್ಲಿ ಸಿಕ್ಕ ಹೆಸರದು. ಒಂದು ಕಾಲಕ್ಕೆ ಬೀದರದಲ್ಲೇ ಹಣ ಅಚ್ಚಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಸಾಕ್ಷಿ ಬಿಂದಿಗೆಯಾಗುತ್ತಿದೆ.

ಸ್ವತಂತ್ರ ಭಾರತದ ಸ್ಮರಣಾರ್ಥ ನಾಣ್ಯಗಳ ಪರಂಪರೆ ಆರಂಭವಾದದ್ದು 1964ರಲ್ಲಿ, ನೆಹರೂ ಅವರ ನಿಧನಾನಂತರ. 1969ರಲ್ಲಿ ಗಾಂಧಿ ಶತಾಬ್ದಿಯ ನಾಣ್ಯಗಳು ಬಂದವು. ಎಪ್ಪತ್ತರ ದಶಕದುದ್ದಕ್ಕೂ ಆಹಾರ ಮತ್ತು ಕೃಷಿಯ ಘೋಷಣೆಗಳು ಬಂದವು. ವ್ಯಕ್ತಿಗಳೂ ಸಂಸ್ಥೆಗಳೂ ಹೇರಳ, ಸ್ಥಳಗಳು ವಿರಳ. ಸ್ಥಳವೊಂದಕ್ಕೆ ದೊರೆತ ಅತಿ ದೊಡ್ಡ ಗೌರವವೆಂದರೆ 2010ರದು: ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ ನಿಮಿತ್ತ ಹೊರಬಂದ, ದೇಶದ ಮೊತ್ತಮೊದಲ 1000 ರೂಪಾಯಿ ನಾಣ್ಯ. ಅದರ ಜೊತೆಗೆ 5 ರೂಪಾಯಿಯದೂ ಬಂತು. ಈ ನಾಣ್ಯವನ್ನೂ ವೈಷ್ಣೋದೇವಿ ಕ್ಷೇತ್ರದ ನಾಣ್ಯವನ್ನೂ ಜಾತ್ಯತೀತ ತತ್ವಕ್ಕೆ ವಿರುದ್ಧವೆಂದು ಪ್ರಶ್ನಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ 2018ರ ಜನವರಿಯಲ್ಲಿ ತಳ್ಳಿಹಾಕಿತು. ತೀರ್ಪು ಸರಿಯಾದುದೇ. ಆದರೆ ಸ್ಥಳಗಳನ್ನು ಸ್ಮರಿಸುವಾಗ ಒಂದು ಸಮಗ್ರ ಸರಣಿಯ ಯೋಜನೆ ಇದ್ದಿದ್ದರೆ ಇಂಥ ಅರ್ಜಿಯೇ ಬರುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಬಿಡಿಬಿಡಿಯಾಗಿ ಬಂದಾಗ ಅದು ಒಬ್ಬರಿಗೆ ಸಂದ ಒಲವಾಗಿ ಕಾಣುತ್ತದೆ. ಸಾಲಾಗಿ ಬಂದಾಗ ದೇಶದ ಭೂಪಟವಾಗಿ ಕಾಣುತ್ತದೆ.

ಹೊರದೇಶಗಳು ಇದನ್ನು ಚೆನ್ನಾಗಿ ಅರಿತಿವೆ. ಅಮೆರಿಕವು 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಐವತ್ತು ರಾಜ್ಯಗಳಿಗೂ ಒಂದೊಂದು ಕಾಲು ಡಾಲರ್ ನಾಣ್ಯವನ್ನು ಹೊರಡಿಸಿತು. ಆಮೇಲೆ 2010ರಿಂದ 2021ರವರೆಗೆ 56 ರಾಷ್ಟ್ರೀಯ ಉದ್ಯಾನ ಹಾಗೂ ತಾಣಗಳ ಇನ್ನೊಂದು ಸರಣಿ. ಜರ್ಮನಿ 2006ರಿಂದ ತನ್ನ ಪ್ರಾಂತ್ಯಗಳ ಹೆಗ್ಗುರುತುಗಳನ್ನು 2 ಯೂರೊ ನಾಣ್ಯಗಳ ಮೇಲೆ ತಂದಿತು. ಕೊಲೋನ್ ನಗರದ ಮಹಾ ಇಗರ್ಜಿ 2011ರಲ್ಲಿ ಬಂತು. ಜಪಾನ್ 2008ರಿಂದ 2016ರ ಅವಧಿಯಲ್ಲಿ ತನ್ನ 47 ಪ್ರಾಂತ್ಯಗಳನ್ನೂ ನಾಣ್ಯದಲ್ಲಿ ಕಾಣಿಸಿತು. ಇದರಲ್ಲಿ ಭಾವುಕತೆಯಷ್ಟೇ ಇಲ್ಲ, ಲೆಕ್ಕಾಚಾರವೂ ಇದೆ. ಕಾಲು ಡಾಲರ್ ನಾಣ್ಯವನ್ನು ತಯಾರಿಸಲು ಆಗ ತಗಲುತ್ತಿದ್ದ ವೆಚ್ಚ ಅದರ ಮುಖಬೆಲೆಗಿಂತ ಬಹಳ ಕಡಿಮೆ. ಮಗುವೊಂದು ಅದನ್ನು ಸಂಗ್ರಹದ ಪುಸ್ತಕದಲ್ಲಿ ಅಂಟಿಸಿ ಇಟ್ಟುಕೊಂಡಿತೆಂದರೆ ಆ ಅಂತರವೆಲ್ಲ ಸರ್ಕಾರಕ್ಕೆ ಉಳಿತಾಯ. ಅರ್ಥಶಾಸ್ತ್ರಜ್ಞರು ‘ಸೀನ್ಯರೇಜ್’ ಎನ್ನುವ ಈ ಲಾಭ ದೊರೆಗಳಿಗೆ ಹಿಂದಿನಿಂದಲೂ ಪ್ರಿಯವಾದದ್ದೇ. ಮಕ್ಕಳು ಸಂತೋಷದಿಂದ ಕೊಡುವ ತೆರಿಗೆ ಎಂದರೆ ಬಹುಶಃ ಇದೊಂದೇ.

ನಮ್ಮ ಸರ್ಕಾರ ಈಚಿನ ವರ್ಷಗಳಲ್ಲಿ ಹಿಡಿದಿರುವ ದಾರಿ ಬೇರೆ. 2022ರ ಜೂನ್‌ನಲ್ಲಿ ಬಿಡುಗಡೆಯಾದ ಸ್ವಾತಂತ್ರ್ಯದ ಅಮೃತ ಮಹೋತ್ಸವದ 1ರಿಂದ 20 ರೂಪಾಯಿವರೆಗಿನ ಸರಣಿ ಚಲಾವಣೆಗೆಂದೇ ಬಂದಿತ್ತು, ನಿಜ. ಆದರೆ ಬಹುತೇಕ ಸ್ಮರಣಾರ್ಥ ನಾಣ್ಯಗಳು ಈಗ ಬರುವುದು ಸುಂದರ ಪೆಟ್ಟಿಗೆಯಲ್ಲಿ. 2019ರಲ್ಲಿ ಗುರುನಾನಕರ 550ನೆಯ ಜಯಂತಿಗೆ 550 ರೂಪಾಯಿಯ ನಾಣ್ಯ ಬಂತು. ಅದರ ಮೇಲೆ ಸುಲ್ತಾನಪುರ ಲೋಧಿಯ ಬೇರ್ ಸಾಹಿಬ್ ಗುರುದ್ವಾರದ ಚಿತ್ರ. 2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲೇ ಹುಲಿ ಯೋಜನೆಯ ಸುವರ್ಣ ವರ್ಷದ 50 ರೂಪಾಯಿ ನಾಣ್ಯ ಬಿಡುಗಡೆಯಾಯಿತು. ಮರು ತಿಂಗಳು ನೂತನ ಸಂಸತ್ ಭವನದ 75 ರೂಪಾಯಿ ನಾಣ್ಯ: 44 ಮಿಲಿಮೀಟರ್ ವ್ಯಾಸ, 35 ಗ್ರಾಂ ತೂಕ, ಅರ್ಧದಷ್ಟು ಬೆಳ್ಳಿ. ಇವು ಮುಖಬೆಲೆಯ ಹಲವು ಪಟ್ಟು ಬೆಲೆಗೆ, ಮುಂಗಡ ಬೇಡಿಕೆಯ ಮೇಲೆ ಸರ್ಕಾರಿ ಟಂಕಸಾಲೆಗಳಿಂದ ಮಾರಾಟವಾಗುತ್ತವೆ. ನನ್ನಂಥ ಪಿಂಚಣಿದಾರ ಕೊಂಡಾನು. ಬೀದರದ ಗುರುನಾನಕ ಝೀರಾದಲ್ಲಿ ಲಂಗರಿನ ಪಾತ್ರೆ ತೊಳೆಯುವ ಭಕ್ತನ ಕೈಗೆ ಗುರುನಾನಕರ ನಾಣ್ಯ ಬರುವುದೆಂತು? ಯಾರ ಕೈಗೂ ಬಾರದ ಹಣವನ್ನು ಹಣವೆನ್ನುವುದು ಕಾನೂನಿನ ಮಾತಷ್ಟೇ.

ಚಲಾವಣೆಗೆ ಬಿಟ್ಟರೂ ತೊಡಕು ಇಲ್ಲದಿಲ್ಲ. ಕೆಲವು ವರ್ಷಗಳ ಹಿಂದೆ ಬೀದರದ ಬಸ್ ನಿಲ್ದಾಣದ ಬಳಿ ಆಟೋದವರಿಗೆ 10 ರೂಪಾಯಿ ನಾಣ್ಯ ಕೊಟ್ಟರೆ, ‘ಇದು ನಡೆಯಂಗಿಲ್ರಿ ಸರ್, ನೋಟ್ ಕೊಡ್ರಿ’ ಎಂದು ಹಿಂದಿರುಗಿಸುತ್ತಿದ್ದರು. ಭಾಲ್ಕಿಯ ಕಿರಾಣಿ ಅಂಗಡಿಗಳಲ್ಲೂ ಇದೇ ಕಥೆ. ಒಂದಕ್ಕಿಂತ ಒಂದು ಭಿನ್ನವಾದ ಚಿತ್ರಗಳಿದ್ದುದೇ ಸಂಶಯಕ್ಕೆ ಕಾರಣ. ಕೊನೆಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿಕೆ ಹೊರಡಿಸಿ, ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಮಾನ್ಯವೇ ಎಂದು ಸ್ಪಷ್ಟಪಡಿಸಬೇಕಾಯಿತು. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಒಟ್ಟು 1000 ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ. ಆದರೆ ಕಾಯ್ದೆಯ ಕಲಮು ಹೇಳಿ ಆಟೋ ಹತ್ತಲಾಗದು. ಸ್ಮರಣೆಗೆಂದು ಹೊರಡಿಸಿದ ನಾಣ್ಯ ಏನನ್ನು ಸ್ಮರಿಸುತ್ತಿದೆ ಎಂದು ಜನರಿಗೆ ಯಾರೂ ಹೇಳದಿದ್ದರೆ ಅದು ಖೋಟಾ ಎನಿಸುವುದು ಸಹಜವೇ ಸರಿ. ಶಾಲೆಗಳಿಗೆ, ಗ್ರಾಮ ಪಂಚಾಯಿತಿಗಳಿಗೆ ಒಂದು ಚಿತ್ರಪಟ ಕಳುಹಿಸಿದ್ದರೂ ಸಾಕಿತ್ತು.

ಈ ಅಜ್ಞಾನದ ಲಾಭ ಪಡೆಯುವವರು ಬೇರೆಯೇ ಇದ್ದಾರೆ. ‘ನಿಮ್ಮಲ್ಲಿ ವೈಷ್ಣೋದೇವಿಯ ನಾಣ್ಯವಿದೆಯೇ? ಲಕ್ಷಗಟ್ಟಲೆ ಕೊಡುತ್ತೇವೆ’ ಎಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ನಂಬಿ ಕರೆ ಮಾಡಿದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಕಂತು ಕಂತಾಗಿ ಹಣ ಕೀಳುತ್ತಾರೆ. ತನ್ನ ಹೆಸರನ್ನೇ ಬಳಸಿಕೊಂಡು ನಡೆಯುತ್ತಿರುವ ಈ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಔರಾದ ಕಡೆಯ ಯುವಕನೊಬ್ಬ ಅವ್ವನ ಸೋಯಾಬೀನ್ ದುಡ್ಡಿನಲ್ಲಿ ಹನ್ನೆರಡು ಸಾವಿರ ಕಳೆದುಕೊಂಡು ನನ್ನಲ್ಲಿಗೆ ಬಂದಿದ್ದ. ಅವನ ಕೈಯಲ್ಲಿದ್ದ ನಾಣ್ಯಕ್ಕೆ ಅದರ ಮುಖಬೆಲೆಗಿಂತ ಹೆಚ್ಚಿನ ಕಿಮ್ಮತ್ತು ಇರಲಿಲ್ಲ. ಕೋಟಿಗಟ್ಟಲೆ ಸಂಖ್ಯೆಯಲ್ಲಿ ಅಚ್ಚಾಗಿ ಚಲಾವಣೆಗೆ ಬಂದ ನಾಣ್ಯ ಅಪರೂಪದ್ದಾಗುವುದು ಹೇಗೆಂದು ಒಂದು ಕ್ಷಣ ಯೋಚಿಸಿದರೆ ಸಾಕು. ಆದರೆ ಆಸೆಗೆ ಅಷ್ಟು ವ್ಯವಧಾನವಿರದು. ಸೈಬರ್ ಠಾಣೆಗೆ ದೂರು ಬರೆದುಕೊಟ್ಟೆ. ಹಣ ಇನ್ನೂ ಬಂದಿಲ್ಲ.

ಹೊಸದಾಗಿ ಸಂಗ್ರಹಕ್ಕೆ ತೊಡಗುವವರಿಗೆ ನನ್ನ ಸಲಹೆ ಚಿಕ್ಕದು. ಖರ್ಚಿಲ್ಲದೆ ಚಿಲ್ಲರೆಯಿಂದಲೇ ಆರಂಭಿಸಿ. ಇಸವಿಯ ಕೆಳಗಿನ ಗುರುತು ನೋಡಿ: ನಕ್ಷತ್ರವಿದ್ದರೆ ಹೈದರಾಬಾದ್, ವಜ್ರದಾಕೃತಿ ಇದ್ದರೆ ಮುಂಬೈ, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಮ್ಮ ಕಡೆಯ ಚಿಲ್ಲರೆಯಲ್ಲಿ ನಕ್ಷತ್ರವೇ ಹೆಚ್ಚಾಗಿ ಕಾಣುವುದನ್ನು ಗಮನಿಸಿದ್ದೇನೆ. ಹಳೆಯ ರಾಜಧಾನಿಯ ನಂಟು ಇಂದಿಗೂ ಪೂರ್ತಿ ಹರಿದಿಲ್ಲ. ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಬರಿಸಬೇಡಿ. ಇನ್ನೊಂದು ಮಾತು: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ಕಮಾನಿನೊಳಗೆ ‘ಮೀಮ್’ ಇರುವ ಚಾರ್‌ಮಿನಾರ್ ರೂಪಾಯಿಗಳೆಲ್ಲ ಈಗ ಆ ವಯಸ್ಸು ದಾಟಿವೆ. ವಿದೇಶದ ಮಗನಿಗೆಂದು ಅದನ್ನು ಪಾರ್ಸೆಲ್ ಮಾಡುವ ಮುನ್ನ ಇದು ನೆನಪಿರಲಿ.

ಇನ್ನು ನನ್ನ ಬೇಡಿಕೆ. ಬೀದರದ ಯಾವ ಸ್ಮಾರಕವೂ ಈವರೆಗೆ ಭಾರತದ ನಾಣ್ಯದ ಮೇಲೆ ಬಂದಿಲ್ಲ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಬಂದಾಗ ಕನ್ನಡಿಗರೆಲ್ಲ ಹಿಗ್ಗಿದೆವು. ಬೀದರದ ಕೋಟೆ, ಗುಲ್ಬರ್ಗ, ವಿಜಯಪುರ, ಹೈದರಾಬಾದಿನ ಸ್ಮಾರಕಗಳ ಜೊತೆಗೆ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಸ್ಮರಣಾರ್ಥ ನಾಣ್ಯದ ಪ್ರಸ್ತಾವಗಳು ಹೋಗಬೇಕಾದದ್ದು ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆಗೆ; ರಾಜ್ಯ ಸರ್ಕಾರವೋ ವಿಶ್ವವಿದ್ಯಾಲಯವೋ ಮನಸ್ಸು ಮಾಡಿದರೆ ಒಂದು ಕಡತದ ಕೆಲಸ. ಕಡತಗಳ ನಡುವೆ ಬದುಕಿದವನು ನಾನು. ಕಡತದ ಕೆಲಸ ಎಷ್ಟು ದೀರ್ಘವೆಂಬುದನ್ನು ಬಲ್ಲೆ. ಹಾಗಿದ್ದೂ ಕೇಳುತ್ತಿದ್ದೇನೆ.

ಅದರೊಂದಿಗೆ ಲಿಪಿಯ ಪ್ರಶ್ನೆಯೂ ಇದೆ. ಕಲ್ಯಾಣದ ಚಾಲುಕ್ಯರ ಚಿನ್ನದ ಗದ್ಯಾಣಗಳ ಮೇಲೆ ಅಂದಿನ ಕನ್ನಡ ಅಕ್ಷರಗಳಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಕೆತ್ತಲಾಗಿತ್ತು. 1918ರ ಕಾಯ್ದೆಯ ತರುವಾಯ ಬಂದ ನಿಜಾಮರ ಕಾಗದದ ನೋಟಿನಲ್ಲೂ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲಿ ಮೊತ್ತ ಬರೆದಿತ್ತು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಬೇಕಾಗಿ ಬಂದ ಸಂಸ್ಥಾನದ ನೋಟು ಅದು! ಬಸವಣ್ಣನ 5 ರೂಪಾಯಿ ನಾಣ್ಯದಲ್ಲಿ ಅವರ ಹೆಸರು ದೇವನಾಗರಿಯಲ್ಲಿದೆ, ಇಂಗ್ಲಿಷಿನಲ್ಲಿದೆ; ಕನ್ನಡದಲ್ಲಿಲ್ಲ. ರಾಷ್ಟ್ರದ ನಾಣ್ಯಕ್ಕೆ ಸಮಾನ ನಿಯಮ ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಸ್ಥಳವೊಂದನ್ನು ಸ್ಮರಿಸುವ ನಾಣ್ಯದಲ್ಲಿ ಆ ಸ್ಥಳದ ಹೆಸರನ್ನು ಅಲ್ಲಿಯ ಜನರ ಲಿಪಿಯಲ್ಲಿ ಒಂದು ಸಾಲು ಕೆತ್ತಿದರೆ ಯಾವ ಏಕತೆಗೂ ಭಂಗ ಬಾರದು.

ಯಾವ ಚಿತ್ರ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಕೋಟೆಯ ಮಹಾದ್ವಾರವಲ್ಲ, ಅಷ್ಟೂರಿನ ಗುಂಬಜುಗಳೂ ಅಲ್ಲ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. ಮುಂಭಾಗದಲ್ಲಿ ಅದಕ್ಕೆ ಎರಡು ಮಿನಾರುಗಳಿದ್ದವು. 1696ರಲ್ಲಿ ಒಳಗೆ ಕೂಡಿಟ್ಟಿದ್ದ ಮದ್ದುಗುಂಡು ಸಿಡಿದು ಒಂದು ಮಿನಾರೂ ಕಟ್ಟಡದ ದೊಡ್ಡದೊಂದು ಭಾಗವೂ ನೆಲಕಚ್ಚಿದವು. ನಕ್ಷೆ ಬರೆಯುವ ಕಲಾವಿದರು ಚೆಂದಕ್ಕೆಂದು ಆ ಎರಡನೆಯ ಮಿನಾರನ್ನು ಮತ್ತೆ ನಿಲ್ಲಿಸಕೂಡದು. ಇರುವ ಒಂದೇ ಮಿನಾರು, ಅದರ ಮೈಮೇಲೆ ಇನ್ನೂ ಉಳಿದಿರುವ ಬಣ್ಣದ ಹೆಂಚುಗಳ ಗೆರೆ, ಪಕ್ಕದಲ್ಲಿ ಖಾಲಿ ಜಾಗ. ಕೆಳಗೆ ಕನ್ನಡದಲ್ಲಿ ‘ಬೀದರ’. ಮುಖಬೆಲೆ 10 ರೂಪಾಯಿಗೆ ಮೀರದಿರಲಿ.